ಕಲ್ಲು ಚಪ್ಪಡಿ ಮಾಳಿಗೆ ಮೇಲೆ 1000 ಲೀಟರ್ ಟ್ಯಾಂಕ್ ಇಡಬಹುದಾ?

ಸರ್, ಕುಷ್ಟಗಿಯ ಹಳೇ ಮನೆಯ ಚಪ್ಪಡಿ ಮಾಳಿಗೆ ನಡುವೆ 1000 ಲೀಟರ್ ಟ್ಯಾಂಕ್ ಇಡಬಹುದಾ ಅಂತ ಕೇಳಿದ್ದೀರಿ. ನಡುವೆ ಬೇಡವೇ ಬೇಡ.

ನೀರೇ ಒಂದು ಟನ್. ಟ್ಯಾಂಕಿನ ತಳ ಹೆಚ್ಚುಕಡಿಮೆ ಒಂದು ಚದರ ಮೀಟರ್. ಜನ ಓಡಾಡುವ ಮಾಳಿಗೆಗೆ ಐಎಸ್ 875 (ಕಟ್ಟಡದ ಮೇಲಿನ ಭಾರಕ್ಕೆ ಇರುವ ಭಾರತೀಯ ಮಾನದಂಡ) ಹೇಳುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕೆಜಿ. ಆರು ಪಟ್ಟಿಗೂ ಜಾಸ್ತಿ ಆಯ್ತಲ್ವಾ? ಮೇಲೆ ಅರ್ಧ ಅಡಿ ಮಣ್ಣಿದೆ ಅಂದಿರಿ. ಅದೇ ಚದರ ಮೀಟರಿಗೆ 250 ಕೆಜಿ ದಾಟುತ್ತದೆ, ಮಳೆ ನೀರು ಕುಡಿದರೆ ಇನ್ನೂ ಭಾರ.

ಕಲ್ಲು ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ತಡೆಯಲ್ಲ. ಆರ್‌ಸಿಸಿಯಲ್ಲಿ ಒಳಗಿನ ಕಬ್ಬಿಣ ಹಿಡಿದುಕೊಳ್ಳುತ್ತದೆ, ಮೊದಲೇ ಬಿರುಕು ಕಾಣುತ್ತದೆ. ಚಪ್ಪಡಿ ಪಟ್ಟನೆ ಮುರಿಯುತ್ತದೆ. ನಮ್ಮ ಅಡುಗೆಮನೆ ಚಪ್ಪಡಿಯ ಗೀರನ್ನು ಹೊಗೆ ಕಲೆ ಅಂದುಕೊಂಡು ಒಂದು ವರ್ಷ ಸುಮ್ನೆ ಇದ್ವಿ. ಉಗುರು ಆಡಿಸಿದಾಗ ಉಗುರು ಸಿಕ್ಕಿಕೊಂಡಿತು! ನೀವೂ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ.

ಮೇಲೇ ಬೇಕಿದ್ದರೆ ಗೋಡೆಯಿಂದ ಗೋಡೆಗೆ ಎರಡು ಕಬ್ಬಿಣದ ಗರ್ಡರ್ ಹಾಕಿಸಿ, ಚಪ್ಪಡಿಗೆ ತಾಗದಂತೆ ಸಂದು ಬಿಡಿಸಿ. ಸೈಜನ್ನು ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ. ಗೋಡೆ ಮಣ್ಣಿನ ಗಾರೆಯದಾದರೆ ಅದೂ ಬೇಡ, ಅಂಗಳದಲ್ಲಿ ಬೇರೆ ಸ್ಟ್ಯಾಂಡ್ ಕಟ್ಟಿಸಿ.