ತೇರು ಯಾವ ಬೀದಿಗೆ ಹೋಗುತ್ತದೆ?

ಪ್ರೀತಿಯ ಮೇಷ್ಟ್ರಿಗೆ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಎರಡು ಸಲ ಓದಿದೆ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಮೊದಲು ಅದರ ಸಾರ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಯ ನವೆಂಬರ್ ಸಂಚಿಕೆಯಲ್ಲಿ ನಾವು ಚರ್ಚುಗಳಲ್ಲಿ ಆಚರಿಸುವ ದಲಿತ ವಿಮೋಚನಾ ಭಾನುವಾರದ ಬಗ್ಗೆ ಬರೆದಿದ್ದೆವು. ಕಥೋಲಿಕರ ನಡುವೆಯೂ ಜಾತಿಭೇದ ಇದೆ ಎಂದಿದ್ದೆವು. ಅದು ನಿಮ್ಮನ್ನು ನೋಯಿಸಿದೆ. "ಜ್ಞಾನಸ್ನಾನದ (ಬ್ಯಾಪ್ಟಿಸಂ) ನೀರಲ್ಲಿ ಜಾತಿ ತೊಳೆದುಹೋಗುತ್ತದೆ. ಮನೆಯ ಮಾತನ್ನು ಬೀದಿಗೆ ತಂದು, ನಮ್ಮನ್ನು ಕಂಡರಾಗದವರ ಕೈಗೆ ನೀವೇ ಕೋಲು ಕೊಟ್ಟಿರಿ" ಎಂದು ಬರೆದಿದ್ದೀರಿ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಮ್, ಜಾರ್ಖಂಡ್ ಕಡೆಯ ಕೂಲಿಯವರ ಮಕ್ಕಳಿಗೆ ನಿಮ್ಮ ಧರ್ಮಕೇಂದ್ರದವರು, ಅಂದರೆ ನಿಮ್ಮ ಚರ್ಚಿಗೆ ಸೇರಿದವರು, ಸಂಜೆ ಪಾಠ ಹೇಳುತ್ತಾರೆ. ಅಂಥ ಒಳ್ಳೆಯ ಕೆಲಸ ಬರೆಯಬಾರದೇ ಎಂದು ಕೇಳಿದ್ದೀರಿ.

ಖಂಡಿತ ಬರೆಯಬೇಕು. ನಮ್ಮ ನಾಡಿನಲ್ಲಿ ಆ ಸೇವೆಯ ದಾರಿ ಹಳೆಯದು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಬಡವರಿಗಾಗಿ ಒಂದು ಪುಟ್ಟ ಹೋಮಿಯೋಪಥಿ ಔಷಧಾಲಯ ತೆರೆದರು. ಆಮೇಲೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ಮಾಡಿದರು. ಊರು ದೂರ ಇಟ್ಟವರನ್ನು ಅವರು ಹತ್ತಿರ ಕರೆದುಕೊಂಡರು. ನಿಮ್ಮ ಹಾಗೇ ನನಗೂ ಅದರ ಬಗ್ಗೆ ಹೆಮ್ಮೆ ಇದೆ.

ಆದರೆ ದಲಿತರ ಮಾತು ಹಾಗಲ್ಲ. ಅವರು ನಾವು ಹೋಗಿ ಸಹಾಯ ಮಾಡಿ ಬರಬೇಕಾದ ಹೊರಗಿನವರಲ್ಲ. ಭಾರತದ ಕಥೋಲಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅವರೇ. ಮನೆಯೇ ಅವರದು. ಲೈನ್ ಮನೆಗೆ ಹೋಗಿ ಪಾಠ ಹೇಳಿ, ನಮ್ಮದೇ ಬೆಂಚಿನಲ್ಲಿ ಪಕ್ಕ ಕೂತವರ ನೋವು ಕೇಳದಿದ್ದರೆ, ಮನೆಗೆ ಮಾರಿ ಊರಿಗೆ ಉಪಕಾರಿ ಅಂದ ಹಾಗಾಗುತ್ತದೆ, ಅಲ್ವಾ?

ಕೋಲು ಕೊಟ್ಟಿರಿ ಎಂದಿರಲ್ಲ, ಆ ಮಾತಿಗೆ ಒಂದು ಮೊಕದ್ದಮೆಯ ಕತೆ ಹೇಳಬೇಕು. ಮದ್ರಾಸಿನಲ್ಲಿ ಸೂಸೈ ಎಂಬುವರಿದ್ದರು. ಆದಿ ದ್ರಾವಿಡ ಎಂಬ ದಲಿತ ಜಾತಿಯವರು, ಕ್ರೈಸ್ತರು. ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದರು. ಸರ್ಕಾರ ಆ ಕೆಲಸ ಮಾಡುವ ಪರಿಶಿಷ್ಟ ಜಾತಿಯವರಿಗೆ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಟ್ಟಿತು. ಅದೇ ರಸ್ತೆ, ಅದೇ ಕೆಲಸ, ಅದೇ ಬಿಸಿಲು. ಆದರೂ ಇವರಿಗೆ ಅಂಗಡಿ ಸಿಗಲಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯವರಲ್ಲ. ಆ ಬಾಗಿಲು 1956ರಲ್ಲಿ ಸಿಖ್ಖರಿಗೆ ತೆರೆಯಿತು, 1990ರಲ್ಲಿ ಬೌದ್ಧರಿಗೆ ತೆರೆಯಿತು. ಕ್ರೈಸ್ತರಿಗೆ, ಮುಸ್ಲಿಮರಿಗೆ ಇವತ್ತಿಗೂ ತೆರೆದಿಲ್ಲ.

ಸೂಸೈ ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ತೀರ್ಪು ಬಂತು. ಸೋತರು. ಯಾಕೆ ಸೋತರು ಎಂಬುದನ್ನು ದಯವಿಟ್ಟು ಗಮನಿಸಿ. ಧರ್ಮ ಬದಲಾದ ಮೇಲೂ, ಹೊಸ ಧರ್ಮದ ಒಳಗೂ ಜಾತಿಯ ಕಷ್ಟ ಅಷ್ಟೇ ಕಠಿಣವಾಗಿ ಮುಂದುವರಿದಿದೆ ಎಂದು ತೋರಿಸಬೇಕು, ಅದಕ್ಕೆ ಸಾಕಷ್ಟು ಆಧಾರ ನಮ್ಮ ಮುಂದೆ ಇಲ್ಲ ಎಂದಿತು ನ್ಯಾಯಾಲಯ. ಆಧಾರ ಎಲ್ಲಿಂದ ಬರಬೇಕಿತ್ತು ಮೇಷ್ಟ್ರೇ? ನಮ್ಮ ಚರ್ಚುಗಳಿಂದ, ನಮ್ಮ ಸ್ಮಶಾನಗಳಿಂದ, ನಮ್ಮ ಮದುವೆ ಮಾತುಕತೆಗಳಿಂದ. 'ನಮ್ಮಲ್ಲಿ ಜಾತಿ ಇಲ್ಲ' ಎಂದು ನಾವು ಹೇಳಿದಾಗಲೆಲ್ಲ ನಮ್ಮವರ ವಿರುದ್ಧವೇ ಸಾಕ್ಷಿ ಹೇಳಿದ ಹಾಗಾಗುತ್ತದೆ. ಕೋಲು ಕೊಡುವುದು ನಮ್ಮ ಮೌನ. ಇದೊಂದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗುಳಿದ ನಷ್ಟ ಬರೀ ಮೀಸಲಾತಿಯ ಸೀಟು, ಕೆಲಸದ್ದಲ್ಲ. ಜಾತಿಯ ಹೆಸರು ಹಿಡಿದು ಬೈದರೂ, ಹೊಡೆದರೂ ದಲಿತ ಕ್ರೈಸ್ತರಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ನೋಡಿ. ಕ್ರೈಸ್ತರು 3ಬಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹೆಚ್ಚು ಹಿಂದುಳಿದವರ ಪ್ರವರ್ಗ 1ರಲ್ಲಿದ್ದಾರೆ. ಇಬ್ಬರ ಸ್ಥಿತಿ ಒಂದೇ ಅಲ್ಲ ಎಂದು ಸರ್ಕಾರದ ಪಟ್ಟಿಯೇ ಒಪ್ಪುತ್ತದೆ. ಮತ್ತೆ ನಾವು ಯಾಕೆ ಒಪ್ಪಬಾರದು?

ನಮ್ಮ ಹಿರಿಯರು ಒಪ್ಪಿದ್ದಾರೆ. ಪೋಪ್ ಎರಡನೇ ಜಾನ್ ಪಾಲ್ 2003ರಲ್ಲೇ ತಮಿಳುನಾಡಿನ ಧರ್ಮಾಧ್ಯಕ್ಷರಿಗೆ (ಬಿಷಪ್‌ಗಳಿಗೆ) ಈ ಬಗ್ಗೆ ಖಾರವಾಗಿ ಹೇಳಿದ್ದರು. 2016ರಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣಕ್ಕೆ ಒಂದು ನೀತಿ ತಂದು, ಧರ್ಮಸಭೆಯ ಒಳಗಿನ ಅಸ್ಪೃಶ್ಯತೆ ಘೋರ ಪಾಪ ಎಂದು ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಅಂತೋಣಿ ಪೂಲ ಕಾರ್ಡಿನಲ್, ಅಂದರೆ ಪೋಪರ ನಂತರದ ಹಿರಿಯ ಧರ್ಮಗುರುಗಳಲ್ಲಿ ಒಬ್ಬರು, ಆದರು. ದಲಿತರಲ್ಲಿ ಆ ಸ್ಥಾನಕ್ಕೆ ಬಂದವರಲ್ಲಿ ಅವರೇ ಮೊದಲಿಗರು. ಆ ದಿನ ನನ್ನ ಕಣ್ಣು ತುಂಬಿತ್ತು.

ಇದೆಲ್ಲ ತಮಿಳುನಾಡಿನ ಗಲಾಟೆ, ನಮ್ಮಲ್ಲಿಲ್ಲ ಎಂದೂ ಬರೆದಿದ್ದೀರಿ. ವಿಲ್ಲುಪುರಂ ಕಡೆಯ ಎರೈಯೂರಿನಲ್ಲಿ 2008ರಲ್ಲಿ ಕಥೋಲಿಕರ ಎರಡು ಗುಂಪುಗಳ ನಡುವೆ ಇದೇ ಜಾತಿಯ ಜಗಳ ನಡೆದು, ಪೊಲೀಸರ ಗುಂಡಿಗೆ ಇಬ್ಬರು ಸತ್ತದ್ದು ನಿಜ. ಅಂಥದ್ದು ನಮ್ಮಲ್ಲಿ ಆಗಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಬಾಮಣ್, ಚಾರಡಿ, ಸುದಿರ್ ಎಂಬ ಜಾತಿಗಳ ಮಾತು ಸಂಬಂಧ ನೋಡುವಾಗ ಇನ್ನೂ ಕೇಳಿಸುತ್ತದೆ. ನಾನು ಹುಟ್ಟಿದ ಊರಿನಲ್ಲಿ ಹಬ್ಬದ ತೇರು ಒಂದು ಬೀದಿಯ ಬಾಯಿವರೆಗೆ ಬಂದು ತಿರುಗುತ್ತಿತ್ತು. ಆ ಬೀದಿಯವರು ಮೇಣದ ಬತ್ತಿ ಹಿಡಿದು ಅಲ್ಲೇ ನಿಂತಿರುತ್ತಿದ್ದರು. ಅಪ್ಪನನ್ನು ಕೇಳಿದೆ. ಮುಂದೆ ಕರೆಂಟ್ ತಂತಿ ತಗ್ಗಿದೆ, ತೇರು ಸಿಕ್ಕಿಹಾಕಿಕೊಳ್ಳುತ್ತದೆ ಎಂದರು. ಎಷ್ಟೋ ವರ್ಷ ಅದನ್ನೇ ನಂಬಿದ್ದೆ. ದೊಡ್ಡವನಾದ ಮೇಲೆ ತಿಳಿಯಿತು, ಆಗ ಆ ಬೀದಿಗೆ ಕರೆಂಟೇ ಬಂದಿರಲಿಲ್ಲ. ಅಪ್ಪ ಒಳ್ಳೆಯವರು. ಪೂಜೆಯಲ್ಲಿ ಕೊಡುವ ಪರಮಪ್ರಸಾದ ತಪ್ಪಿಸಿದವರಲ್ಲ. ಕೇಳಿದವರಿಗೆ ಕೈಯೆತ್ತಿ ಕೊಡುತ್ತಿದ್ದರು. ಆ ಬೀದಿಯವರಿಗೂ ಕೊಡುತ್ತಿದ್ದರು. ತೇರನ್ನು ಮಾತ್ರ ಯಾರೂ ಮುಂದಕ್ಕೆ ಎಳೆಯಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ನವೆಂಬರಿನ ಲೇಖನ ಹಾಕಿದ್ದಕ್ಕೆ ಅದೂ ಒಂದು ಕಾರಣ.

ಚಂದಾ ಮುಂದುವರಿಸಬೇಕೋ ಬೇಡವೋ ಯೋಚಿಸುತ್ತಿದ್ದೇನೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಮುಂದುವರಿಸಿ. ಜೊತೆಗೆ ಲೈನ್ ಮನೆಯ ಸಂಜೆ ಪಾಠದ ಬಗ್ಗೆ ನೀವೇ ಎರಡು ಪುಟ ಬರೆದುಕೊಡಿ. ಬರೆಯುವ ಮೊದಲು ನಿಮ್ಮ ಧರ್ಮಕೇಂದ್ರಕ್ಕೆ ಸೇರಿದ ದಲಿತರ ಕಾಲೋನಿಗೂ ಒಮ್ಮೆ ಹೋಗಿ, ಒಂದಿಬ್ಬರು ಹಿರಿಯರನ್ನು ಮಾತಾಡಿಸಿ. ಚರ್ಚಿನ ಸಮಿತಿಯಲ್ಲಿ ಅವರ ಕಡೆಯವರು ಎಷ್ಟು ಜನ ಇದ್ದಾರೆ, ಹಬ್ಬದ ದಿನ ತೇರು ಅವರ ಬೀದಿಗೆ ಹೋಗುತ್ತದೆಯೇ ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ. ಭೇದ ಇಲ್ಲ ಎಂದರೆ ಅದನ್ನೂ ಸಂತೋಷದಿಂದ ಹಾಕುತ್ತೇನೆ. ಹದಿನೈದನೇ ತಾರೀಕಿನ ಒಳಗೆ ಬಂದರೆ ಮುಂದಿನ ಸಂಚಿಕೆಗೇ ಸೇರಿಸಬಹುದು.