ಮನೆ ಖಾಲಿ ಮಾಡಿ ಎರಡು ತಿಂಗಳಾಯ್ತು, ಪೇಂಟಿಂಗ್ ರಿಪೇರಿ ಅಂತ ಓನರ್ ಅಡ್ವಾನ್ಸ್ ಕೊಡ್ತಿಲ್ಲ. ಏನು ಮಾಡಲಿ? (ಬೆಂಗಳೂರು)

ಮೊದಲು ಅಗ್ರಿಮೆಂಟ್ ತೆಗೆದು ನೋಡಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಅಂತ ಅದರಲ್ಲಿದ್ದು ನೀವು ಸಹಿ ಹಾಕಿದ್ದರೆ, ಅಷ್ಟು ಹೋಯ್ತು ಅಂದ್ಕೊಳ್ಳಿ. ಇಲ್ಲದಿದ್ದರೆ ಗೋಡೆ ಮಾಸಿದ್ದಕ್ಕೆ, ನಲ್ಲಿ ವಾಷರ್ ಸವೆದಿದ್ದಕ್ಕೆಲ್ಲ ದುಡ್ಡು ಮುರಿಯೋದು ಸರಿಯಲ್ಲ, ವಾಸ ಇದ್ದ ಮೇಲೆ ಅಷ್ಟು ಸವೆಯುತ್ತೆ ಅಲ್ವಾ? ಬಿಲ್ ಕೇಳಿ. ನಾನು ಒಂದು ಸಲ "ಬಿಲ್ ತೋರಿಸಿ ಸಾರ್" ಅಂದಿದ್ದಕ್ಕೇ 18,000 ಇದ್ದದ್ದು 6,000ಕ್ಕೆ ಇಳಿಯಿತು.

ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಲ್ಲ, ಅದು 2021ರ ಕೇಂದ್ರದ ಮಾದರಿ ಕಾಯ್ದೆ. ರಾಜ್ಯ ಅದನ್ನು ಕಾನೂನು ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ. ಸುಮ್ನೆ ಅದನ್ನು ಹಿಡಿದು ಜಗಳ ಆಡಬೇಡಿ.

ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆ, ಕೀ ಕೊಟ್ಟ ದಿನದ ಮೆಸೇಜ್, ಖಾಲಿ ಮನೆಯ ಫೋಟೋ, ಕೊನೆಯ ಕರೆಂಟ್ ಬಿಲ್ ಕಟ್ಟಿದ ರಸೀದಿ ಒಟ್ಟು ಮಾಡಿ, 15 ದಿನ ಗಡುವು ಕೊಟ್ಟು ಲಾಯರ್ ನೋಟಿಸ್ ಕಳಿಸಿ. ಎಷ್ಟೋ ಜನ ಅಲ್ಲಿಗೇ ಮೆತ್ತಗಾಗ್ತಾರೆ. ಬಗ್ಗದಿದ್ದರೆ ಸಿವಿಲ್ ಕೋರ್ಟ್, ಅದೂ 3 ವರ್ಷದೊಳಗೆ. ಲಾಯರ್ ಫೀಸ್ ಕಷ್ಟ ಅಂದ್ರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡ್ತಾರೆ.