ಬಡಾವಣೆಯ ಪಾರ್ಕಿನ ಅಸಲಿ ನಕ್ಷೆ ಯಾವ ಕಚೇರಿಯಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು?

ನಿಮ್ಮ ಪ್ರಶ್ನೆ ಓದಿದೆ. ಚಿಕ್ಕಮಗಳೂರಿನ ಅಂಚಿನ ಬಡಾವಣೆ. ಸೈಟ್ ಮಾರುವಾಗ ಪಾರ್ಕ್ ಅಂತ ತೋರಿಸಿದ್ದ ಜಾಗಕ್ಕೆ ಈಗ ಯಾರೋ ಕಲ್ಲುಕಂಬ ನೆಟ್ಟು ತಂತಿ ಎಳೆಯುತ್ತಿದ್ದಾರೆ. ಎರಡು ಕಚೇರಿ ಅಲೆದರೂ ಅಸಲಿ ನಕ್ಷೆ ಎಲ್ಲಿದೆ ಅಂತ ಯಾರೂ ಹೇಳಲಿಲ್ಲ ಎಂದು ಬರೆದಿದ್ದೀರಿ. ನಾನೂ ಇದೇ ಊರಿನವಳು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಪಾರ್ಕಿಗಾಗಿ ಇದೇ ಕಾಗದಗಳನ್ನು ಹುಡುಕಿ ತೆಗೆಸಿದ್ದೇನೆ. ನನಗೆ ಗೊತ್ತಾದದ್ದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇಷ್ಟು. ಕಚೇರಿಯಲ್ಲಿ ಪ್ರಶ್ನೆ ಕೇಳಬೇಡಿ, ಕಾಗದ ಕೇಳಿ. ನನ್ನ ಮೊದಲ ಅರ್ಜಿಯಲ್ಲಿ ನಾನು ಬರೆದದ್ದು, 'ನಮ್ಮ ಪಾರ್ಕ್ ಜಾಗ ಬೇರೆಯವರ ಪಾಲಾಗುತ್ತಿದ್ದರೂ ಯಾಕೆ ಸುಮ್ಮನಿದ್ದೀರಿ, ಇದಕ್ಕೆ ಯಾರು ಹೊಣೆ?' ಅಂತ. ಒಂದು ತಿಂಗಳಾದ ಮೇಲೆ ಒಂದೇ ಸಾಲಿನ ಉತ್ತರ ಬಂತು. ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಅಂತ. ಆಗ ತುಂಬಾ ಸಿಟ್ಟು ಬಂದಿತ್ತು. ಆದರೆ ಕಾನೂನು ಇರುವುದೇ ಹಾಗೆ. 2005ರ ಮಾಹಿತಿ ಹಕ್ಕು ಕಾಯ್ದೆ ಕೊಡುವುದು ಕಚೇರಿಯ ದಾಖಲೆಯಲ್ಲಿ ಈಗಾಗಲೇ ಇರುವುದನ್ನು. 'ಯಾಕೆ' ಎಂಬುದಕ್ಕೆ ಹೊಸದಾಗಿ ಉತ್ತರ ಬರೆದುಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2011ರಲ್ಲಿ ಹೇಳಿದೆ. ಕಾಗದದ ಹೆಸರು ಹಿಡಿದು ಕೇಳಿದರೆ ಮಾತ್ರ ಅವರು ತಪ್ಪಿಸಿಕೊಳ್ಳುವುದು ಕಷ್ಟ.

ಹೆಸರು ಗೊತ್ತಾಗಬೇಕಾದರೆ ನಿಮ್ಮ ಕ್ರಯಪತ್ರದಿಂದ ಶುರು ಮಾಡಿ. ಅದರ ಷೆಡ್ಯೂಲಿನಲ್ಲಿ ಸರ್ವೆ ನಂಬರ್ ಇರುತ್ತದೆ. ಒಳಗೆ ಎಲ್ಲೋ ಜಿಲ್ಲಾಧಿಕಾರಿಗಳ ಕನ್ವರ್ಷನ್ ಆದೇಶದ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಆದೇಶದ, ನಂಬರ್, ತಾರೀಖು ಇರುತ್ತವೆ. ಎಎಲ್‌ಎನ್ ಅಂತ ಶುರುವಾಗುವ ನಂಬರ್ ಕಂಡರೆ ಬಹುಪಾಲು ಅದೇ. ನಕ್ಷೆ ಮಂಜೂರಾದ ನಂಬರೂ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೊರಡಿ. ಬರೀ ಬಡಾವಣೆಯ ಹೆಸರು ಹೇಳಿದರೆ ಯಾವ ಕೇಸ್ ವರ್ಕರ್‌ಗೂ ಕಡತ ಹುಡುಕಲು ಆಗುವುದಿಲ್ಲ. ಆ ಹೆಸರು ಸೈಟ್ ಮಾರಿದವರು ಇಟ್ಟದ್ದು. ಕಡತ ಇರುವುದು ಸರ್ವೆ ನಂಬರಿನ ಮೇಲೆ.

ಮುಂದೆ, ಯಾವ ಕಾಗದ ಎಲ್ಲಿ ಅಂತ. ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ಸಿಡಿಎ ಅನ್ನುತ್ತೇವಲ್ಲ, ಅದು. ನಿಮ್ಮ ಜಾಗ ಪಂಚಾಯಿತಿಗೆ ಸೇರಿದ್ದರೂ ಪ್ರಾಧಿಕಾರದ ಯೋಜನಾ ಪ್ರದೇಶದ ಒಳಗಿದ್ದರೆ ನಕ್ಷೆ ಅಲ್ಲೇ ಇರಬೇಕು. ಪ್ರದೇಶದ ಹೊರಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಲ್ಲಿ ಕೇಳಿ. ಖಾತೆ, ಕಂದಾಯದ ಲೆಕ್ಕ ಮಾತ್ರ ನಗರಸಭೆ ಅಥವಾ ಪಂಚಾಯಿತಿಯಲ್ಲಿ. ಪಂಚಾಯಿತಿಯಾದರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರೇ ಮಾಹಿತಿ ಅಧಿಕಾರಿ. ಊರಂಚಿನವರು ಎಡವುವುದು ಇಲ್ಲೇ. ಕಂದಾಯ ಕಟ್ಟುವ ಕಚೇರಿಯಲ್ಲೇ ನಕ್ಷೆಯೂ ಇರುತ್ತದೆ ಅಂದುಕೊಳ್ಳುತ್ತಾರೆ.

ಪಾರ್ಕಿನ ವಿಷಯದಲ್ಲಿ ನಕ್ಷೆಯಷ್ಟೇ ಮುಖ್ಯವಾದ ಇನ್ನೊಂದು ಕಾಗದ ಇದೆ. ರಸ್ತೆ, ಪಾರ್ಕ್ ಜಾಗಗಳನ್ನು ಬಡಾವಣೆ ಮಾಡಿದವರು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಟ್ಟ ಪತ್ರ. ರಿಲಿಂಕ್ವಿಶ್‌ಮೆಂಟ್ ಡೀಡ್, ಕನ್ನಡದಲ್ಲಿ ಪರಿತ್ಯಾಜನ ಪತ್ರ ಅನ್ನುತ್ತಾರೆ. ಆ ಪತ್ರ ಆಗಿದ್ದರೆ ಜಾಗ ಸಾರ್ವಜನಿಕರದ್ದು, ಮಾರಿದವರಿಗೆ ಅದರ ಮೇಲೆ ಹಕ್ಕಿಲ್ಲ. ಆಗಿಲ್ಲದಿದ್ದರೆ ಬೇಲಿ ಹಾಕುವವರಿಗೆ ಧೈರ್ಯ ಬರುವುದೇ ಅಲ್ಲಿಂದ. ಆದ್ದರಿಂದ ನಕ್ಷೆಯ ಜೊತೆ ಇದನ್ನೂ ಕೇಳಿ.

ಕಚೇರಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ಎರಡು ಕೆಲಸ ಮಾಡಬಹುದು. ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಆ ಸರ್ವೆ ನಂಬರಿನ ಪಹಣಿ ತೆಗೆಯಿರಿ. 3ನೇ ಅಂಕಣದಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫುಟ್ ಖರಾಬು (ಸಾಗುವಳಿಗೆ ಬಾರದ ಜಾಗ) ಅ, ಬ ಅಂತ ಎರಡು ಇರುತ್ತವೆ. ಬ ಖರಾಬಿನಲ್ಲಿ ಗುಂಟೆ ತೋರಿಸಿದ್ದರೆ ಅದು ಹಳ್ಳ, ದಾರಿ, ಇಂಥ ಸಾರ್ವಜನಿಕ ಜಾಗ. ಪಾರ್ಕಿನ ಪಕ್ಕ ಹಳ್ಳ ಇದ್ದರೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಎರಡನೆಯದು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅದೇ ಜಾಗದ ಇ.ಸಿ., ಅಂದರೆ ಋಣಭಾರ ಪತ್ರ. ಪಾರ್ಕನ್ನು ಯಾರಾದರೂ ಮಾರಿ ರಿಜಿಸ್ಟರ್ ಮಾಡಿಸಿದ್ದರೆ ನಮೂನೆ 15ರಲ್ಲಿ ಬರುತ್ತದೆ. ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಿದ್ದರೆ ಅದೂ ಬರುತ್ತದೆ. ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ತೀರಾ ಹಳೆಯ ವರ್ಷಗಳಿಗೆ ಮಾತ್ರ ಉಪನೋಂದಣಾಧಿಕಾರಿ ಕಚೇರಿಗೇ ಹೋಗಬೇಕು.

ಹಳೆಯ ಪತ್ರಗಳಲ್ಲಿ 'ಕಡೂರು ಜಿಲ್ಲೆ' ಅಂತ ಇದ್ದರೆ ಗಾಬರಿ ಬೇಡ. 1947ರವರೆಗೆ ನಮ್ಮ ಜಿಲ್ಲೆಯ ಹೆಸರೇ ಅದು. ಅಜ್ಜಂಪುರ, ಕಳಸದ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಊರುಗಳು ಮೊದಲು ತರೀಕೆರೆ, ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದವು, ಹಳೇ ಕಡತಗಳನ್ನು ಆ ಹೆಸರಿನಲ್ಲೂ ಹುಡುಕಿಸಿ.

ಇನ್ನು ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದಲ್ಲಿ ನಮೂನೆ 'ಎ' ಇದೆ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ, ದೊಡ್ಡ ನಕ್ಷೆಯ ದರ ಬೇರೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು ಎಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಜನ ಇದನ್ನು ಮರೆತು ನಾಲ್ಕು ಪುಟ ಬರೆಯುತ್ತಾರೆ, ಅರ್ಜಿ ವಾಪಸ್ ಬರುತ್ತದೆ. ಯಾತಕ್ಕೆ ಬೇಕು ಅಂತ ಹೇಳಬೇಕಾಗಿಲ್ಲ. ಕೇಳಿದರೂ ನೀವು ಹೇಳಬೇಕಾಗಿಲ್ಲ.

ನನ್ನ ಎರಡನೇ ಅರ್ಜಿಯ ಒಕ್ಕಣೆ ಹೀಗಿತ್ತು. 'ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿನ ಬಡಾವಣೆಯ ಮಂಜೂರಾದ ವಿನ್ಯಾಸ ನಕ್ಷೆ, ಮಂಜೂರಾತಿ ಆದೇಶ, ಉದ್ಯಾನವನ ಮತ್ತು ರಸ್ತೆ ಜಾಗಗಳ ಪರಿತ್ಯಾಜನ ಪತ್ರ, ಇವುಗಳ ದೃಢೀಕೃತ ನಕಲು ಕೊಡಿ. ಸದರಿ ಕಡತವನ್ನು ಟಿಪ್ಪಣಿ ಹಾಳೆಗಳ ಸಮೇತ ಖುದ್ದಾಗಿ ಪರಿಶೀಲಿಸಲು ದಿನ ತಿಳಿಸಿ.' ಅಷ್ಟೇ. ನೀವು ಹಾಗೇ ಬಳಸಿಕೊಳ್ಳಿ.

ಆ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಕಡತವನ್ನು ಕಣ್ಣಾರೆ ನೋಡುವುದೂ ಕಾಯ್ದೆ ಕೊಟ್ಟ ಹಕ್ಕೇ. ನನಗೆ ದಿನ ಕೊಟ್ಟದ್ದು ಜುಲೈ ತಿಂಗಳಲ್ಲಿ. ಹೊರಗೆ ಬಿಡದೆ ಮಳೆ. ಕೆಂಪು ಬಟ್ಟೆಯ ಗಂಟು ಬಿಚ್ಚಿದಾಗ ಥಂಡಿ ಹಿಡಿದ ಕಾಗದದ ವಾಸನೆ. ನಕ್ಷೆಯನ್ನು ಎಂಟು ಮಡಿಕೆ ಮಾಡಿ ಇಟ್ಟಿದ್ದರು. ಮಡಿಕೆ ಕೂಡುವ ಜಾಗಗಳಲ್ಲಿ ತೂತು ಬಿದ್ದಿತ್ತು. ಅಲ್ಲಿದ್ದ ಗುಮಾಸ್ತರು ಹುಷಾರಾಗಿ ಬಿಡಿಸಿ, ನಾಲ್ಕು ಮೂಲೆಗೂ ರಿಜಿಸ್ಟರ್ ಇಟ್ಟರು. ನಮ್ಮ ಬೀದಿಯ ಕೊನೆಯಲ್ಲಿ ಹಸಿರು ಪೆನ್ಸಿಲಿನಿಂದ ತುಂಬಿದ ಒಂದು ತ್ರಿಕೋನ. ಒಳಗೆ 'ಉದ್ಯಾನವನ' ಅಂತ ಕೈಬರಹ, ಮೂರು ಬದಿಗೂ ಅಳತೆ, ಕೆಳಗೆ ಮುದ್ರೆ ಮತ್ತು ಸಹಿ. ನಮಗೆ ಸೈಟ್ ಮಾರಿದವರು ಕೊಟ್ಟ ಜೆರಾಕ್ಸಿನಲ್ಲಿ ಆ ತ್ರಿಕೋನ ಇದ್ದದ್ದು ಇದರ ಅರ್ಧದಷ್ಟು. ನಕಲು ಮಾತ್ರ ತರಿಸಿಕೊಂಡಿದ್ದರೆ ಹಸಿರು ಬಣ್ಣವೂ ಕಾಣುತ್ತಿರಲಿಲ್ಲ, ಟಿಪ್ಪಣಿ ಹಾಳೆಯಲ್ಲಿ ಆ ಪಾರ್ಕಿನ ಬಗ್ಗೆ ಹಿಂದೆಯೇ ಒಬ್ಬರು ದೂರು ಕೊಟ್ಟಿದ್ದರು ಎಂಬುದೂ ಗೊತ್ತಾಗುತ್ತಿರಲಿಲ್ಲ. ಯಾರೋ ನಮಗಿಂತ ಮುಂಚೆ ಈ ಜಾಗಕ್ಕಾಗಿ ಓಡಾಡಿದ್ದರು ಅಂತ ನೋಡಿ ಕಣ್ಣು ತುಂಬಿ ಬಂತು.

ಅಂದಹಾಗೆ ಆ ಪರಿಶೀಲನೆ ಸುಲಭಕ್ಕೆ ಆಗಲಿಲ್ಲ. ಮೊದಲು ಬಂದ ಉತ್ತರ 'ಕಡತ ಲಭ್ಯವಿಲ್ಲ' ಅಂತಲೇ. ನಿಮಗೂ ಹಾಗೆ ಬಂದರೆ ಸುಮ್ನೆ ಬಿಡಬೇಡಿ. ಮಾಹಿತಿ ನಿರಾಕರಿಸಲು ಕಾಯ್ದೆಯ 8 ಮತ್ತು 9ನೇ ಸೆಕ್ಷನ್‌ನಲ್ಲಿ ಕಾರಣಗಳ ಪಟ್ಟಿ ಇದೆ, 'ಸಿಗುತ್ತಿಲ್ಲ' ಎಂಬುದು ಅದರಲ್ಲಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿಯಿಲ್ಲದಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ನನ್ನ ಕಡತ ಸಿಕ್ಕಿದ್ದು ಮೇಲ್ಮನವಿ ಹಾಕಿದ ಮೇಲೆಯೇ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ನಕಲಿನ ಶುಲ್ಕವನ್ನೂ ಕೇಳುವಂತಿಲ್ಲ.

ಅರ್ಜಿಯನ್ನು ತಪ್ಪು ಕಚೇರಿಗೆ ಕೊಟ್ಟುಬಿಟ್ಟೆ ಅಂತ ಚಿಂತೆ ಬೇಡ. ಸರಿಯಾದ ಕಚೇರಿಗೆ 5 ದಿನದೊಳಗೆ ವರ್ಗಾಯಿಸುವುದು ಅವರದ್ದೇ ಕೆಲಸ. ಆದರೂ ಗೊತ್ತಿದ್ದು ಸರಿಯಾದ ಕಡೆ ಕೊಟ್ಟರೆ ದಿನ ಉಳಿಯುತ್ತದೆ, ಅಲ್ವಾ? ಕೈಯಲ್ಲೇ ಕೊಟ್ಟರೆ ಇನ್ನೊಂದು ಪ್ರತಿಗೆ ಕಚೇರಿಯ ಟಪಾಲು ವಿಭಾಗದಲ್ಲಿ ಮುದ್ರೆ ಹಾಕಿಸಿಕೊಳ್ಳಿ. ಸ್ಪೀಡ್ ಪೋಸ್ಟ್ ಆದರೆ ರಸೀದಿ ಇಟ್ಟುಕೊಳ್ಳಿ. ಗಡುವು ಲೆಕ್ಕ ಹಾಕುವುದು ಅರ್ಜಿ ಕಚೇರಿಗೆ ತಲುಪಿದ ತಾರೀಖಿನಿಂದ.

ಕಹಿಯಾದ ಒಂದು ಸಾಧ್ಯತೆಯನ್ನೂ ಹೇಳಲೇಬೇಕು. ನಿಮ್ಮದು ಮಂಜೂರಾತಿಯೇ ಇಲ್ಲದ ರೆವಿನ್ಯೂ ಬಡಾವಣೆ ಆಗಿದ್ದರೆ, ಆ ಪಾರ್ಕ್ ಇರುವುದು ಮಾರಿದವರ ಬಣ್ಣದ ಹಾಳೆಯಲ್ಲಿ ಮಾತ್ರ. ಆಗ ದಾರಿ ಬೇರೆ, ವಕೀಲರನ್ನು ಕಾಣಬೇಕು. ಮಂಜೂರಾದ ನಕ್ಷೆ ಇದ್ದರೆ ಮಾತ್ರ 1985ರ ಉದ್ಯಾನವನ ಮತ್ತು ಬಯಲು ಜಾಗಗಳ ಸಂರಕ್ಷಣೆಯ ಕಾಯ್ದೆ ಹಿಡಿದು ಗಟ್ಟಿಯಾಗಿ ಕೇಳಬಹುದು.

ಬೇಲಿ ಕೆಲಸ ನಡೆಯುತ್ತಿರುವುದರಿಂದ ನಕ್ಷೆ ಬರಲಿ ಅಂತ ಕಾಯಬೇಡಿ. ಈಗಲೇ ತಾರೀಖು ಕಾಣುವ ಹಾಗೆ ಫೋಟೋ ತೆಗೆದಿಟ್ಟು, ಪ್ರಾಧಿಕಾರಕ್ಕೂ ನಗರಸಭೆ ಅಥವಾ ಪಂಚಾಯಿತಿಗೂ ಒಂದೊಂದು ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸಾಧ್ಯವಾದರೆ ನಾಲ್ಕೈದು ಮನೆಯವರ ಸಹಿ ಇರಲಿ. ಇವತ್ತು ರಾತ್ರಿ ಪಹಣಿ ತೆಗೆದು ನೋಡಿ. 3ನೇ ಅಂಕಣದಲ್ಲಿ ಏನಿದೆ, ಕ್ರಯಪತ್ರದಲ್ಲಿ ಮಂಜೂರಾತಿ ನಂಬರ್ ಇದೆಯಾ ಇಲ್ಲವಾ ಅಂತ ತಿಳಿಸಿ. ಅರ್ಜಿಯ ಕರಡು ನಾನೇ ಬರೆದುಕೊಡುತ್ತೇನೆ.